ಬ್ಯಾಂಕುಗಳ ಹಳೇ ಲೆಡ್ಜರ್‌ಗಳು ಎಲ್ಲಿ ಹೋದವು? ಸಂಶೋಧನೆಗೆ ಸಿಗುತ್ತವಾ?

ಮಸಿಕುಡಿಕೆ
ಎಲ್ಲರಿಗೂ ನಮಸ್ಕಾರ. ನಾನು ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ, ದಕ್ಷಿಣ ಕನ್ನಡದ ಸಣ್ಣ ಉಳಿತಾಯ, 1906ರಿಂದ 1969ರವರೆಗೆ. ದಿನಕ್ಕೆ ಎರಡಾಣೆ ಕಟ್ಟಿದವರು ಯಾರು, ಆ ದುಡ್ಡನ್ನು ಯಾವುದಕ್ಕೆ ತೆಗೆದರು ಅನ್ನೋದು ನನ್ನ ಪ್ರಶ್ನೆ. ಸ್ಥಾಪಕರ ಬಗ್ಗೆ ಬೇಕಾದಷ್ಟು ಬರಹ ಇದೆ. ಸ್ಮರಣ ಸಂಚಿಕೆಗಳು ರಾಶಿ ಬಿದ್ದಿವೆ. ಗ್ರಾಹಕರ ಬಗ್ಗೆ ಮಾತ್ರ ಏನೂ ಸಿಗುತ್ತಿಲ್ಲ.

ಹೋದ ತಿಂಗಳು ಒಂದು ಶಾಖೆಗೆ ಹೋಗಿದ್ದೆ. ಯಾವುದು ಅಂತ ಕೇಳಬೇಡಿ. ಮ್ಯಾನೇಜರ್ ಒಳ್ಳೆಯವರು, ಕೂರಿಸಿ ಮಾತಾಡಿಸಿದರು. "ಹಳೇ ರೆಕಾರ್ಡ್ ಅಂದ್ರೆ ಯಾವ ವರ್ಷದ್ದಮ್ಮಾ?" ಅಂದರು. 1935 ಅಂದೆ. ನಕ್ಕುಬಿಟ್ಟರು. "2010ರದ್ದು ಕೇಳಿದ್ರೂ ನಾನು ಕೈ ಎತ್ತೋದೇ."

ಯಾರಾದರೂ ಬ್ಯಾಂಕ್ ದಾಖಲೆ ಇಟ್ಟುಕೊಂಡು ಕೆಲಸ ಮಾಡಿದ್ದೀರಾ? ಎಲ್ಲಿಂದ ಶುರು ಮಾಡಬೇಕು?

ಕರಾವಳಿ_ಕಾಗೆ
ರದ್ದಿ ಅಂಗಡಿಯಿಂದ.

ಮಸಿಕುಡಿಕೆ
ತಮಾಷೆ ಮಾಡ್ತಿದ್ದೀರಿ ಅಂದುಕೊಳ್ಳುತ್ತೇನೆ 😐

ಕರಾವಳಿ_ಕಾಗೆ
ಇಲ್ಲ ಮೇಡಂ, ನಿಜ. ಶಾಖೆ ಬೇರೆ ಕಟ್ಟಡಕ್ಕೆ ಹೋಗುವಾಗ ಹಳೇ ಪುಸ್ತಕ ಹೊರುವುದು ಯಾರು?

ನಿವೃತ್ತ_ಕ್ಯಾಷಿಯರ್
ಕಾಗೆಯವರು ಹೇಳಿದ್ದು ಸುಳ್ಳಲ್ಲ. ನಾನೇ ಮಾಡಿದ ಕೆಲಸ, ಹೇಳಿಬಿಡುತ್ತೇನೆ.

ಬ್ಯಾಂಕ್ ದಾಖಲೆಗಳನ್ನು ಎಷ್ಟು ವರ್ಷ ಇಡಬೇಕು ಅಂತ 1985ರ ನಿಯಮ ಒಂದಿದೆ. ಕೆಲವಕ್ಕೆ ಕನಿಷ್ಠ 5 ವರ್ಷ, ಕೆಲವಕ್ಕೆ 8 ವರ್ಷ. ಅದು ಕನಿಷ್ಠ. ಅಷ್ಟಾದ ಮೇಲೆ ಸುಡಿ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಆದರೆ ನಮ್ಮ ಕೈಗೆ ಬರುವಷ್ಟರಲ್ಲಿ ಅರ್ಥ ಉಲ್ಟಾ ಆಗಿರುತ್ತಿತ್ತು. ಎಂಟು ವರ್ಷ ಆಯ್ತಾ, ಪಟ್ಟಿ ಮಾಡು, ಸಹಿ ಹಾಕಿಸು, ಹರಿದು ಕಳಿಸು.

ಒಂದು ಶಾಖೆಯಲ್ಲಿ ನಮ್ಮ ರೆಕಾರ್ಡ್ ರೂಮು ಅಂದರೆ ಮೆಟ್ಟಿಲ ಕೆಳಗಿನ ಜಾಗ. ಮಳೆಗಾಲದಲ್ಲಿ ಗೋಡೆ ಬೆವರುತ್ತಿತ್ತು. ಒಂದು ಸಲ ಇನ್‌ಸ್ಪೆಕ್ಷನ್ ಬರುತ್ತದೆ ಅಂತ ಎರಡು ದಿನದಲ್ಲಿ ಖಾಲಿ ಮಾಡಿ ಅಂದರು. ಅಲ್ಲಿ ಬಟ್ಟೆ ಬೈಂಡಿನ ಭಾರೀ ಲೆಡ್ಜರ್‌ಗಳಿದ್ದವು. ರೂಪಾಯಿ-ಆಣೆ-ಪೈ ಅಂತ ಮೂರು ಕಾಲಂ. ಎಷ್ಟು ಚೆಂದದ ಕೈಬರಹ ಅಂದರೆ ಒಂದು ಪುಟ ಹರಿದು ಇಟ್ಟುಕೊಳ್ಳೋಣ ಅನ್ನಿಸಿತ್ತು. ಇಟ್ಟುಕೊಳ್ಳಲಿಲ್ಲ. ಗ್ರಾಹಕರ ಲೆಕ್ಕ ಮನೆಗೆ ಒಯ್ಯುವ ಹಾಗಿಲ್ಲ ಅಂತ ಶಿಸ್ತು ನನಗೆ! ಲಾರಿಗೆ ತುಂಬುವುದಕ್ಕೆ ಮಾತ್ರ ಯಾವ ಶಿಸ್ತೂ ಅಡ್ಡ ಬರಲಿಲ್ಲ.

ಬಯಲುಸೀಮೆ_ಬಸವ
ಸರ್, ನಿಮ್ಮದೇನು ತಪ್ಪು? ಮೇಲಿನವರು ಹೇಳಿದ್ದನ್ನು ಮಾಡಿದ್ದೀರಿ.

ನಿವೃತ್ತ_ಕ್ಯಾಷಿಯರ್
ಹೌದು, ಮಾಡಿದ್ದು ನಾನೇ ಅಂತ ಹೇಳಿದೆ, ಅಷ್ಟೇ.

ಗ್ರಂಥಪಾಲಕ_ಗಿ
ಮಸಿಕುಡಿಕೆ, ಶಾಖೆಗಳ ಸುತ್ತ ಅಲೆಯಬೇಡಿ. ಶಾಖೆಯಲ್ಲಿ ಇತಿಹಾಸ ಉಳಿಯುವುದೇ ಕಮ್ಮಿ. ನಿಮಗೆ ಮೂರು ದಾರಿ ಇದೆ.

ಮೊದಲು ಪುಣೆಗೆ ಹೋಗಿ. ರಿಸರ್ವ್ ಬ್ಯಾಂಕ್ 1981ರಲ್ಲಿ ಅಲ್ಲಿ ತನ್ನ ದಾಖಲೆ ಭಂಡಾರ ಶುರು ಮಾಡಿತು. ಅದು ರಿಸರ್ವ್ ಬ್ಯಾಂಕಿನ ಸ್ವಂತ ಕಡತಗಳ ಜಾಗ. ಆದರೆ 1949ರ ಬ್ಯಾಂಕಿಂಗ್ ಕಾಯ್ದೆಯ ಮೇಲೆ ಪ್ರತಿಯೊಂದು ಸಣ್ಣ ಬ್ಯಾಂಕೂ ಲೈಸೆನ್ಸು, ತಪಾಸಣೆ, ಹೊಸ ಶಾಖೆ ಅಂತ ರಿಸರ್ವ್ ಬ್ಯಾಂಕಿಗೆ ಕಾಗದ ಬರೆಯಲೇಬೇಕಿತ್ತು. ನಿಮ್ಮ ಬ್ಯಾಂಕು ತನ್ನ ಪ್ರತಿಯನ್ನು ಕಳೆದುಕೊಂಡಿದ್ದರೂ ಆಚೆ ಕಡೆಯವರ ಹತ್ತಿರ ಅದು ಇರಬಹುದು. ದಾಖಲೆ ಹುಡುಕುವಾಗ ಯಾವಾಗಲೂ ಕೇಳಿಕೊಳ್ಳಿ, ಈ ಕಾಗದ ಯಾರಿಗೆ ಹೋಯಿತು?

ಆಮೇಲೆ ಚೆನ್ನೈ. 1956ರವರೆಗೆ ದಕ್ಷಿಣ ಕನ್ನಡ ಮದ್ರಾಸಿನ ಆಡಳಿತದಲ್ಲಿತ್ತು ಅನ್ನೋದನ್ನು ಬೆಂಗಳೂರಿನಲ್ಲಿ ಕೂತವರು ಮರೆತುಬಿಡುತ್ತಾರೆ. ಸರಕಾರಿ ಕಡತಗಳು ತಮಿಳುನಾಡು ಪತ್ರಾಗಾರದಲ್ಲಿ. 1930ರ ಸುಮಾರಿಗೆ ಮದ್ರಾಸ್ ಪ್ರಾಂತ್ಯದ ಬ್ಯಾಂಕಿಂಗ್ ವಿಚಾರಣಾ ಸಮಿತಿ ಜಿಲ್ಲೆಗಳಿಂದ ಸಾಕ್ಷ್ಯ ತೆಗೆದುಕೊಂಡಿತ್ತು. ವರದಿಗಿಂತ ಸಾಕ್ಷ್ಯದ ಸಂಪುಟಗಳೇ ನಿಮಗೆ ಹಬ್ಬ.

ಮೂರನೆಯದು ಕೋಲ್ಕತಾ. ಸ್ಟೇಟ್ ಬ್ಯಾಂಕಿನ ದಾಖಲೆ ಭಂಡಾರ, ವಸ್ತುಸಂಗ್ರಹಾಲಯ ಅಲ್ಲಿದೆ. 1806ರ ಬ್ಯಾಂಕ್ ಆಫ್ ಕಲ್ಕತ್ತಾದಿಂದ ಅವರ ಕಥೆ ಶುರು. ಮದ್ರಾಸ್, ಬಾಂಬೆ, ಬಂಗಾಳದ ಮೂರು ಬ್ಯಾಂಕುಗಳು ಸೇರಿ 1921ರಲ್ಲಿ ಇಂಪೀರಿಯಲ್ ಬ್ಯಾಂಕ್ ಆಯಿತು, 1955ರಲ್ಲಿ ಸ್ಟೇಟ್ ಬ್ಯಾಂಕ್. ಇತಿಹಾಸಕಾರ ಅಮಿಯ ಕುಮಾರ್ ಬಾಗ್ಚಿ ಆ ಬ್ಯಾಂಕಿನ ಇತಿಹಾಸ ಬರೆದದ್ದು ಈ ದಾಖಲೆಗಳನ್ನೇ ಇಟ್ಟುಕೊಂಡು.

ಬಯಲುಸೀಮೆ_ಬಸವ
ಹಾಗಾದರೆ ಮೈಸೂರು ಬ್ಯಾಂಕಿನ ಕಾಗದಗಳೂ ಕೋಲ್ಕತಾಕ್ಕೆ ಹೋದವಾ? 1913ರಲ್ಲಿ ವಿಶ್ವೇಶ್ವರಯ್ಯನವರು ಮುಂದೆ ನಿಂತು ಮಾಡಿಸಿದ ಬ್ಯಾಂಕು. 2017ರಲ್ಲಿ ಎಸ್‌ಬಿಐಗೆ ಸೇರಿಸಿದರು. ಬೋರ್ಡು ಬದಲಾಯಿಸಿದ್ದು ನೋಡಿದೆವು. ಕಾಗದ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳಲಿಲ್ಲ.

ಗ್ರಂಥಪಾಲಕ_ಗಿ
ಅದನ್ನು ಎಸ್‌ಬಿಐಗೇ ಬರೆದು ಕೇಳಬೇಕು. ಬ್ಯಾಂಕ್ ಹುಟ್ಟಿದಾಗಿನ ಮೈಸೂರು ಸರಕಾರದ ಕಡೆಯ ಕಡತ ಬೇಕಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಹುಡುಕಿ. ಸಂಸ್ಥಾನದ ದಾಖಲೆಗಳು ಅಲ್ಲಿವೆ.

ಸುಮ್ನೆ_ಓದುಗ
ನನ್ನ ತಲೆ ಸಣ್ಣದು, ಕ್ಷಮಿಸಿ. ಬ್ಯಾಂಕ್ ಲೆಡ್ಜರಿನಲ್ಲಿ ಇರೋದು ಬರೀ ಅಂಕಿ ಅಲ್ವಾ? ಅದರಿಂದ ಇತಿಹಾಸ ಹೇಗೆ ಬರೆಯುತ್ತೀರಿ?

ಅಂಕಿಅಂಶ_ಅಳಿಯ
ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಪ್ಲೀಸ್ 🙋

ನ್ಯೂಯಾರ್ಕಿನಲ್ಲಿ ಎಮಿಗ್ರೆಂಟ್ ಸೇವಿಂಗ್ಸ್ ಬ್ಯಾಂಕ್ ಅಂತ ಇತ್ತು. 1850ರಲ್ಲಿ ಶುರುವಾದದ್ದು, ಐರ್ಲೆಂಡಿನಿಂದ ಬಂದ ಬಡವರಿಗಾಗಿ. ಹೆಚ್ಚಿನವರಿಗೆ ಸಹಿ ಬರುವುದಿಲ್ಲ. ದುಡ್ಡು ತೆಗೆಯಲು ಬಂದವನು ಅವನೇ ಅಂತ ಹೇಗೆ ಗೊತ್ತಾಗಬೇಕು? ಅದಕ್ಕೆ ಖಾತೆ ತೆರೆಯುವಾಗಲೇ ಊರು ಯಾವುದು, ಯಾವ ಹಡಗಿನಲ್ಲಿ ಬಂದೆ, ಅಪ್ಪ ಅಮ್ಮ ಯಾರು, ಅಣ್ಣತಮ್ಮಂದಿರು ಎಲ್ಲಿದ್ದಾರೆ ಎಂದೆಲ್ಲ ಕೇಳಿ ಬರೆದಿಡುತ್ತಿದ್ದರು. ಆಮೇಲೆ ಅದನ್ನೇ ತಿರುಗಿ ಕೇಳಿ ಪರೀಕ್ಷೆ ಮಾಡುತ್ತಿದ್ದರು. ಬ್ಯಾಂಕಿಗೆ ಅದು ಗುರುತಿನ ಚೀಟಿ. ನಮಗೆ ಒಂದು ವಲಸೆಯ ಕಥೆ.

ಇನ್ನೂ ಚೆಂದದ್ದು ಕೇಳಿ. 1854 ಮತ್ತು 1857ರಲ್ಲಿ ಆ ಬ್ಯಾಂಕಿಗೆ ಜನ ಹೆದರಿ ನುಗ್ಗಿದರು. ಮಾರ್ಗನ್ ಕೆಲ್ಲಿ, ಕಾರ್ಮಾಕ್ ಓ ಗ್ರಾಡಾ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಲೆಡ್ಜರು ತೆಗೆದು, ಯಾರು ಖಾತೆ ಮುಚ್ಚಿದರು, ಯಾರು ಸುಮ್ಮನಿದ್ದರು ಅಂತ ನೋಡಿದರು. ಐರ್ಲೆಂಡಿನ ಯಾವ ಕೌಂಟಿಯವನು ಅನ್ನೋದು ದೊಡ್ಡ ಕಾರಣ ಆಗಿತ್ತು. ಊರಿನವರು ತೆಗೆದರೆ ಇವನೂ ತೆಗೆದ. ಗಾಳಿಸುದ್ದಿ ಯಾವ ದಾರಿಯಲ್ಲಿ ಹರಿಯಿತು ಅಂತ 150 ವರ್ಷ ಆದಮೇಲೆ ಲೆಡ್ಜರಿನಿಂದ ಕಂಡುಹಿಡಿದರು. ಯಾವ ಪತ್ರಿಕೆಯಲ್ಲೂ ಅದು ಸಿಗುತ್ತಿರಲಿಲ್ಲ.

ಸುಮ್ನೆ_ಓದುಗ
ಓಹೋ. ಸರಿ, ತಲೆ ಸ್ವಲ್ಪ ದೊಡ್ಡದಾಯಿತು.

ಚಿತ್ರಾಂಗದೆ
ಕಲಾ ಇತಿಹಾಸದವರಿಗೂ ಬ್ಯಾಂಕೇ ಗತಿ. ನೇಪಲ್ಸಿನ ಹಳೇ ಬ್ಯಾಂಕುಗಳಲ್ಲಿ ಹಣ ಪಾವತಿ ಮಾಡುವಾಗ ಯಾತಕ್ಕೆ ಅಂತ ಕಾರಣವನ್ನೂ ಪೂರ್ತಿ ಬರೆಯುತ್ತಿದ್ದರು. ಹಾಗಾಗಿ ಚಿತ್ರಕಾರ ಕಾರವಾಜ್ಜೊಗೆ 1606ರಲ್ಲಿ 200 ಡುಕಾಟ್ ಯಾರು ಕೊಟ್ಟರು, ಚಿತ್ರದಲ್ಲಿ ಯಾರ್‍ಯಾರು ಇರಬೇಕು ಅಂದಿದ್ದರು ಅನ್ನೋದೆಲ್ಲ ಬ್ಯಾಂಕಿನ ಪುಸ್ತಕದಲ್ಲಿದೆ. ಆ ಚಿತ್ರ ಮಾತ್ರ ಈಗ ಸಿಕ್ಕಿಲ್ಲ. ರಸೀದಿ ಇದೆ, ಮಾಲು ಇಲ್ಲ!

ಕರಾವಳಿ_ಕಾಗೆ
ನಮ್ಮಲ್ಲಿ ಮಾಲೂ ಇಲ್ಲ, ರಸೀದಿಯೂ ಇಲ್ಲ.

ವಕೀಲಮ್ಮ
ಎಲ್ಲರೂ ಖುಷಿಯಲ್ಲಿದ್ದೀರಿ, ಸ್ವಲ್ಪ ತಣ್ಣೀರು ಹಾಕುತ್ತೇನೆ. ಗ್ರಾಹಕರ ಲೆಕ್ಕ ಗುಟ್ಟಿನದ್ದು. 1970ರ ರಾಷ್ಟ್ರೀಕರಣ ಕಾಯ್ದೆಯ 13ನೇ ಕಲಮು ಅದನ್ನೇ ಹೇಳುತ್ತದೆ. ಮ್ಯಾನೇಜರ್ ಕೈಗೆ ಲೆಡ್ಜರ್ ಸಿಕ್ಕರೂ ನಿಮಗೆ ತೋರಿಸಲು ಹೆದರುತ್ತಾರೆ, ಹೆದರಲೂಬೇಕು.

ಇನ್ನೊಂದು ಕಡೆ, 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ಕೇಂದ್ರ ಸರಕಾರದ ಹಿಡಿತದಲ್ಲಿರುವ ನಿಗಮಗಳೂ ಅದರ ಕೆಳಗೆ ಬರುತ್ತವೆ. 30 ವರ್ಷ ದಾಟಿ ಪತ್ರಾಗಾರಕ್ಕೆ ಬಂದ, ಗೋಪ್ಯವಲ್ಲದ ದಾಖಲೆಯನ್ನು ಸಂಶೋಧಕರಿಗೆ ಕೊಡಬಹುದು. ಗಮನಿಸಿ, ಪತ್ರಾಗಾರಕ್ಕೆ ಬಂದ ದಾಖಲೆ. ಬರದೇ ಇದ್ದರೆ?

ಮೊಮ್ಮಗ77
ನಾನು ವಕೀಲಮ್ಮನ ಕಡೆ. ನನ್ನ ಅಜ್ಜ ಒಂದು ಬ್ಯಾಂಕಿನಲ್ಲಿ ಸಾಲ ಮಾಡಿ ತೋಟ ಕಳೆದುಕೊಂಡರು. ಊರಲ್ಲಿ ಯಾರಿಗೂ ಪೂರ್ತಿ ಗೊತ್ತಿಲ್ಲ, ಅಜ್ಜಿ ಸಾಯುವವರೆಗೆ ಮುಚ್ಚಿಟ್ಟರು. ನಾಳೆ ಯಾರೋ ಪಿಎಚ್‌ಡಿ ಮಾಡುವವರು ಬಂದು ಅದನ್ನು ಪುಸ್ತಕದಲ್ಲಿ ಹಾಕಿದರೆ? ನನ್ನ ಅಜ್ಜನ ಸಾಲ ನಿಮ್ಮ ಡೇಟಾ ಅಲ್ಲ.

ಮಸಿಕುಡಿಕೆ
ನಿಮ್ಮ ಮಾತು ಚುಚ್ಚಿತು, ಆದರೆ ಸರಿಯಾದ ಮಾತು. ನಾನು ಹೆಸರು ಬಳಸುವುದಿಲ್ಲ. ಕಸುಬು, ಊರು, ಮೊತ್ತ, ತಿಂಗಳು ಇಷ್ಟು ಸಾಕು ನನಗೆ.

ಮೊಮ್ಮಗ77
ಸಣ್ಣ ಊರಲ್ಲಿ ಕಸುಬು, ಊರು, ಮೊತ್ತ ಅಂದರೆ ಹೆಸರು ಹೇಳಿದ ಹಾಗೇ.

ಮಸಿಕುಡಿಕೆ
ಇದನ್ನು ನಾನು ಯೋಚಿಸಿರಲಿಲ್ಲ. ಊರಿನ ಬದಲು ತಾಲ್ಲೂಕು ಹಾಕಬೇಕಾಗುತ್ತದೆ.

ಅಂಕಿಅಂಶ_ಅಳಿಯ
ಆದರೆ ಮುಚ್ಚಿಡುವುದರಿಂದ ಬಚಾವಾಗುವುದು ಯಾವಾಗಲೂ ಬಡ ಅಜ್ಜನೇ ಅಲ್ಲ. 2005ರಲ್ಲಿ ಅಮೆರಿಕದ ಜೆಪಿ ಮಾರ್ಗನ್ ಚೇಸ್ ತನ್ನ ಹಳೇ ದಾಖಲೆ ಹುಡುಕಿಸಿತು. ಹಿಂದೆ ತನ್ನೊಳಗೆ ಸೇರಿಕೊಂಡಿದ್ದ ಲೂಯಿಸಿಯಾನಾದ ಎರಡು ಬ್ಯಾಂಕುಗಳು 1831ರಿಂದ 1865ರ ನಡುವೆ ಸುಮಾರು 13,000 ಗುಲಾಮರನ್ನು ಸಾಲಕ್ಕೆ ಅಡವಾಗಿ ಹಿಡಿದಿದ್ದವು ಅಂತ ಗೊತ್ತಾಯಿತು. ಸಾಲ ತೀರದೆ ಹೋದಾಗ ಸುಮಾರು 1,250 ಜನ ಬ್ಯಾಂಕಿನದೇ ಸ್ವತ್ತಾದರು. ಬ್ಯಾಂಕ್ ಕ್ಷಮೆ ಕೇಳಿತು. ಬ್ಯಾಂಕ್ ಆಫ್ ಇಂಗ್ಲೆಂಡೂ 1770ರ ದಶಕದಲ್ಲಿ ಗ್ರೆನಡಾದಲ್ಲಿ ತೋಟಗಳ ಜೊತೆ 599 ಗುಲಾಮರ ಒಡೆಯನಾಗಿತ್ತು. ಅದನ್ನು ಅವರೇ 2022ರಲ್ಲಿ ತಮ್ಮ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕೆ ಇಟ್ಟರು.

ಈ ಪುಸ್ತಕಗಳನ್ನೂ ಎಂಟು ವರ್ಷಕ್ಕೆ ರದ್ದಿಗೆ ಹಾಕಿದ್ದರೆ ಯಾರಿಗೆ ಲಾಭ ಆಗುತ್ತಿತ್ತು?

ಮೊಮ್ಮಗ77
ಅದು ಬೇರೆ, ಇದು ಬೇರೆ. ಆದರೂ ಹ್ಞೂಂ.

ವಕೀಲಮ್ಮ
ಪುಸ್ತಕ ಇಡುವುದು ಒಂದು, ತೋರಿಸುವುದು ಇನ್ನೊಂದು. ಬೀಗ ಹಾಕಿ ಇಡಿ, ಅವಧಿ ಮುಗಿದ ಮೇಲೆ ತೆಗೆಯಿರಿ. ಸುಟ್ಟರೆ ಆ ಚರ್ಚೆಯೇ ಇಲ್ಲ.

ಉಡುಪಿ_ಹುಡುಗಿ
ಮ್ಯೂಸಿಯಂ ಅಂದಾಗ ನೆನಪಾಯಿತು. ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕಿನ ಮ್ಯೂಸಿಯಂ ಇದೆಯಲ್ಲ, ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲೇ. ನಾಣ್ಯಗಳ ಸಂಗ್ರಹ ನೋಡಲೇಬೇಕು. 1906ರಲ್ಲಿ ಮೊದಲ ದಿನದ ಕೊನೆಗೆ ಬ್ಯಾಂಕಿನಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ ಅಂತ ಹೇಳುತ್ತಾರೆ. ಅದು ಈಗ ಕೆನರಾ ಬ್ಯಾಂಕಿಗೆ ಸೇರಿದೆ.

ಬಯಲುಸೀಮೆ_ಬಸವ
ಅಲ್ಲ, ಕಾರ್ಪೊರೇಶನ್ ಸೇರಿದ್ದು ಯೂನಿಯನ್ ಬ್ಯಾಂಕಿಗೆ. ಕೆನರಾಕ್ಕೆ ಸೇರಿದ್ದು ಸಿಂಡಿಕೇಟ್. ಎರಡೂ 2020ರ ಏಪ್ರಿಲ್ 1ಕ್ಕೆ. ವಿಜಯಾ ಬ್ಯಾಂಕ್ ಅದಕ್ಕೂ ಒಂದು ವರ್ಷ ಮುಂಚೆ ಬರೋಡಾಕ್ಕೆ.

ಉಡುಪಿ_ಹುಡುಗಿ
ಹೌದು, ತಪ್ಪಾಯಿತು. ಇಷ್ಟು ಬೋರ್ಡು ಬದಲಾದರೆ ನೆನಪಿಡೋದು ಹೇಗೆ ಮಾರಾಯ್ರೆ.

ನಿವೃತ್ತ_ಕ್ಯಾಷಿಯರ್
38-13-2 ನಾವೆಲ್ಲ ಕೇಳಿ ಬೆಳೆದ ಲೆಕ್ಕ. ಆ ಎರಡು ಪೈಯನ್ನೂ ಬಿಡದೆ ಬರೆದಿದ್ದಾರಲ್ಲ, ಅದೇ ನನಗೆ ಇಷ್ಟ.

ಸುಮ್ನೆ_ಓದುಗ
ಆಣೆಗೆ 12 ಪೈಸೆ ತಾನೇ?

ನಿವೃತ್ತ_ಕ್ಯಾಷಿಯರ್
ಪೈಸೆ ಅಲ್ಲಪ್ಪಾ, ಪೈ! ಆಣೆಗೆ 12 ಪೈ, ರೂಪಾಯಿಗೆ 16 ಆಣೆ. ಹಳೇ ಪೈಸೆ ಆದರೆ ಆಣೆಗೆ ನಾಲ್ಕು. ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ, ಆಗ ರೂಪಾಯಿಗೆ ನೂರಾಯಿತು.

ಮಸಿಕುಡಿಕೆ
ಇದೇ ನನ್ನ ತಲೆನೋವು. ಎಕ್ಸೆಲ್‌ನಲ್ಲಿ ಆಣೆ ಹೇಗೆ ಹಾಕುತ್ತೀರಿ? 38.13 ಅಂತ ಹಾಕಿ ಒಂದು ವಾರದ ಕೆಲಸ ಹಾಳು ಮಾಡಿಕೊಂಡೆ.

ಅಂಕಿಅಂಶ_ಅಳಿಯ
ಮೂರು ಕಾಲಂ ಇಡಿ, ಮೂಲದಲ್ಲಿ ಇದ್ದ ಹಾಗೇ. ನಾಲ್ಕನೇ ಕಾಲಂನಲ್ಲಿ ಎಲ್ಲವನ್ನೂ ಪೈಗೆ ಇಳಿಸಿ. ರೂಪಾಯಿಗೆ 192 ಪೈ. 38-13-2 ಅಂದರೆ 7,454 ಪೈ. ಕೂಡಿ, ಕಳೆದು, ಕೊನೆಯಲ್ಲಿ 192ರಿಂದ ಭಾಗಿಸಿ. ಸುಮಾರು 38 ರೂಪಾಯಿ 82 ಪೈಸೆ. ಮೂಲ ಕಾಲಂ ಮುಟ್ಟಲೇಬೇಡಿ.

ಮಸಿಕುಡಿಕೆ
🙏🙏 ಇದನ್ನು ಯಾವ ಗೈಡೂ ಹೇಳಿಕೊಡಲಿಲ್ಲ.

ಗ್ರಂಥಪಾಲಕ_ಗಿ
ಲೆಡ್ಜರ್ ಒಂದಕ್ಕೇ ಅಂಟಿಕೊಳ್ಳಬೇಡಿ. ಆಡಳಿತ ಮಂಡಳಿಯ ನಡಾವಳಿ ಪುಸ್ತಕದಲ್ಲಿ ಯಾರಿಗೆ ಸಾಲ ಬೇಡ ಅಂದರು ಅನ್ನೋದು ಸಿಗುತ್ತದೆ. ಕೊಟ್ಟ ಸಾಲ ಲೆಡ್ಜರಿನಲ್ಲಿ ಕಾಣುತ್ತದೆ, ಕೊಡದ ಸಾಲ ಅಲ್ಲಿ ಮಾತ್ರ. ಶಾಖೆ ತೆರೆಯುವ ಪ್ರಸ್ತಾವದಲ್ಲಿ ಆ ಊರಿನ ಸಂತೆ, ಬೆಳೆ, ವ್ಯಾಪಾರಿಗಳ ವಿವರ ಇರುತ್ತದೆ. ಇನ್ನು ಮಾದರಿ ಸಹಿಯ ಕಾರ್ಡು. ಎಷ್ಟು ಹೆಬ್ಬೆಟ್ಟು, ಎಷ್ಟು ಸಹಿ, ಸಹಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಅಂತ ವರ್ಷವಾರು ಎಣಿಸಿದರೆ ಊರಿನ ಅಕ್ಷರದ ಕಥೆ ಬರುತ್ತದೆ.

ನಿವೃತ್ತ_ಕ್ಯಾಷಿಯರ್
ಚಿನ್ನದ ಅಡವಿನ ರಿಜಿಸ್ಟರ್ ಮರೆತಿರಿ! ಅದರಲ್ಲಿ ಒಡವೆಯ ಹೆಸರು, ತೂಕ, ಕಲ್ಲು ಎಷ್ಟು, ಬೆಸುಗೆ ಎಲ್ಲಿ, ಎಲ್ಲ ಬರೆಯುತ್ತಿದ್ದೆವು. ಬುಗುಡಿ, ಅಡ್ಡಿಗೆ, ಕೊಪ್ಪು, ವಂಕಿ. ಈಗಿನ ಹುಡುಗರಿಗೆ "ನೆಕ್ಲೇಸ್" ಒಂದೇ ಗೊತ್ತು. ಭಾಷೆಯವರಿಗೂ ಅದು ಬೇಕಾದ ಪುಸ್ತಕ.

ಮತ್ತೆ, ಜೂನ್ ಬಂತು ಅಂದರೆ ಒಡವೆ ಒಳಗೆ ಬರುತ್ತಿತ್ತು. ಶಾಲೆ ಫೀಸು, ಬಿತ್ತನೆ. ಅಡಿಕೆ ಮಾರಿದ ಮೇಲೆ ಹೊರಗೆ. ಕೆಲವು ಸರಗಳು ವರ್ಷಾ ವರ್ಷಾ ಬರುತ್ತಿದ್ದವು, ನಮಗೆ ಮುಖ ಪರಿಚಯ ಇದ್ದ ಹಾಗೆ. ಒಂದು ವರ್ಷ ಬರದಿದ್ದರೆ, ಆ ಮನೆಯವರಿಗೆ ಒಳ್ಳೆಯದಾಯಿತೋ, ಇಲ್ಲ ಸರ ಮಾರಿಬಿಟ್ಟರೋ ಅಂತ ಯೋಚನೆ.

ಉಡುಪಿ_ಹುಡುಗಿ
ಸರ್, ಇದನ್ನೆಲ್ಲ ಬರೆದಿಡಿ ದಯವಿಟ್ಟು.

ಮಸಿಕುಡಿಕೆ
ನಾನು ರೆಕಾರ್ಡ್ ಮಾಡಿಕೊಳ್ಳಲು ಬರಲಾ ಸರ್?

ನಿವೃತ್ತ_ಕ್ಯಾಷಿಯರ್
ಬನ್ನಿ. ಮಧ್ಯಾಹ್ನ ಎರಡರಿಂದ ನಾಲ್ಕು ಬೇಡ, ಮಲಗುತ್ತೇನೆ. ಬ್ಯಾಂಕಿನಲ್ಲಿದ್ದಾಗ ಆಗದ ಕೆಲಸ.

ಗೆದ್ದಲು
ಕಡತ ಅನ್ನುವ ಪದ ಗೊತ್ತಲ್ಲ? ಈಗ ಆಫೀಸಿನ ಫೈಲಿಗೆ ಹೇಳುತ್ತೇವೆ. ಮೊದಲು ಅದು ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಮಾಡಿದ ಕಪ್ಪು ಮಡಿಕೆಯ ಪುಸ್ತಕ. ಬಳಪದಲ್ಲಿ ಬರೆಯುತ್ತಿದ್ದರು. ವ್ಯಾಪಾರಿಗಳ ಲೆಕ್ಕ ಅದರಲ್ಲೇ. ಅಳಿಸಿ ಮತ್ತೆ ಬರೆಯಬಹುದು, ಹಾಗಾಗಿ ಎಷ್ಟೋ ಲೆಕ್ಕ ಅಳಿಸಿಯೇ ಹೋಗಿದೆ.

ಕರಾವಳಿ_ಕಾಗೆ
ಗೆದ್ದಲು ಬಂದು ಕಾಗದ ಉಳಿಸುವ ಮಾತಾಡುತ್ತಿದೆ, ಕಲಿಗಾಲ.

ಪಿಗ್ಮಿ_ಏಜೆಂಟರ_ಮಗ
ತಡವಾಗಿ ನೋಡಿದೆ. ಮಸಿಕುಡಿಕೆ ಅವರೇ, ನನ್ನ ಅಪ್ಪ ಪಿಗ್ಮಿ ಏಜೆಂಟ್ ಆಗಿದ್ದರು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಮಣಿಪಾಲದಲ್ಲಿ ಹುಟ್ಟಿದಾಗಿನ ಯೋಜನೆ, ನಿಮಗೆ ಗೊತ್ತಿರಬೇಕು.

ಬಯಲುಸೀಮೆ_ಬಸವ
ಬ್ಯಾಂಕ್ ಹುಟ್ಟಿದ್ದು 1925ರಲ್ಲಿ, ಉಡುಪಿಯಲ್ಲಿ. ಪಿಗ್ಮಿ ಬಂದದ್ದು 1928ರಲ್ಲಿ.

ಪಿಗ್ಮಿ_ಏಜೆಂಟರ_ಮಗ
ನೀವು ಇಲ್ಲಿ ತಿದ್ದುವುದಕ್ಕೇ ಕೂತಿದ್ದೀರಾ? 😄 ಸರಿ, ಒಪ್ಪಿದೆ.

ಅಪ್ಪ ಸೈಕಲ್‌ನಲ್ಲಿ ಮನೆ ಮನೆಗೆ ಹೋಗುತ್ತಿದ್ದರು. ಬೀಡಿ ಕಟ್ಟುವವರು, ಮೀನು ಮಾರುವವರು, ಹೋಟೆಲಿನ ಹುಡುಗರು. ಬ್ಯಾಂಕಿಗೆ ಕೊಡುವ ಲೆಕ್ಕ ಬೇರೆ, ಅದರ ಜೊತೆಗೆ ತಮಗೆ ಅಂತ ಒಂದು ನೋಟ್‌ಬುಕ್ ಇಟ್ಟಿದ್ದರು. ಯಾರು ಇವತ್ತು ಕೊಡಲಿಲ್ಲ, ಯಾಕೆ ಕೊಡಲಿಲ್ಲ. "ಮಗುವಿಗೆ ಜ್ವರ." "ದೋಣಿ ಇಳಿದಿಲ್ಲ." "ಗಂಡ ಇದ್ದ, ಆಮೇಲೆ ಬಾ ಅಂದಳು." ಇಂಥವು. ಅದು ಬ್ಯಾಂಕಿನ ದಾಖಲೆ ಅಲ್ಲ, ಆದರೆ ಒಂದು ಕಬ್ಬಿಣದ ಟ್ರಂಕು ತುಂಬ ಇದೆ.

ಮಸಿಕುಡಿಕೆ
ಒಂದು ಟ್ರಂಕು!! ಈ ಮೂರು ವರ್ಷದಲ್ಲಿ ನಾನು ಕೇಳಿದ ಅತಿ ಒಳ್ಳೆಯ ಮಾತು ಇದು. "ಗಂಡ ಇದ್ದ, ಆಮೇಲೆ ಬಾ" ಅನ್ನುವುದನ್ನು ಓದಿ ಎದ್ದು ನಿಂತೆ. ಯಾವ ಬ್ಯಾಂಕಿನ ಪುಸ್ತಕವೂ ಇದನ್ನು ಹೇಳಲ್ಲ.

ಮೊಮ್ಮಗ77
ನೋಡಿ, ಇಲ್ಲೂ ಅದೇ ಪ್ರಶ್ನೆ. ಆ ಹೆಂಗಸರು ಗುಟ್ಟಾಗಿ ಕೂಡಿಟ್ಟದ್ದು. ಅವರ ಮಕ್ಕಳು ಊರಲ್ಲೇ ಇರಬಹುದು.

ಪಿಗ್ಮಿ_ಏಜೆಂಟರ_ಮಗ
ಇದ್ದಾರೆ. ಅಪ್ಪ ಹೆಸರು ಬರೆದಿಲ್ಲ, ಮನೆಯ ಗುರುತು ಬರೆದಿದ್ದಾರೆ. "ಹಲಸಿನ ಮರದ ಮನೆ" ಅಂತ. ಈಗ ಆ ಮರಗಳೇ ಇಲ್ಲ. ನನಗೂ ಅಮ್ಮನಿಗೂ ಬಿಟ್ಟು ಇನ್ಯಾರಿಗೂ ಗೊತ್ತಾಗಲ್ಲ.

ಗ್ರಂಥಪಾಲಕ_ಗಿ
ನೋಟ್‌ಬುಕ್ಕುಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ. ಸೆಲೋಟೇಪ್ ಬೇಡ. ಸ್ಕ್ಯಾನರಿಗೆ ಒತ್ತಿ ಬೆನ್ನು ಮುರಿಯಬೇಡಿ, ಮೇಲಿನಿಂದ ಮೊಬೈಲಲ್ಲೇ ಫೋಟೋ ತೆಗೆಯಿರಿ. ಯಾವ ಪುಸ್ತಕ ಯಾವುದರ ಕೆಳಗಿತ್ತು ಅನ್ನೋ ಕ್ರಮ ಬದಲಾಯಿಸಬೇಡಿ. ಮುಖ್ಯವಾಗಿ ಬಿಸಿಲಿಗೆ ಇಡಬೇಡಿ, ಮಸಿ ಮಾಸಿಹೋಗುತ್ತದೆ.

ಪಿಗ್ಮಿ_ಏಜೆಂಟರ_ಮಗ
ಬಿಸಿಲು ಬೇಡವಾ? ಟ್ರಂಕಿನ ವಿಷಯ ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು. ವಾಸನೆ ಹೋಗಲಿ ಅಂತ ಬೆಳಿಗ್ಗೆಯಿಂದ ಅಂಗಳದಲ್ಲಿ ಹರವಿದ್ದಾರೆ.

ಗ್ರಂಥಪಾಲಕ_ಗಿ
ಅಯ್ಯೋ, ಓಡಿ ಸ್ವಾಮಿ!

ಮಸಿಕುಡಿಕೆ
ಮೊದಲು ಹರವಿದ ಕ್ರಮದ್ದೊಂದು ಫೋಟೋ ತೆಗೆದು ಆಮೇಲೆ ಎತ್ತಿ! ನಾಳೆ ಮೊದಲ ಬಸ್ಸಿಗೆ ಬರುತ್ತೇನೆ.